ಮಕ್ಕಳಿಗೊಂದು ಕಸುಬು: ಆರಿಸುವುದು ಹೇಗೆ, ಸೇರುವುದು ಹೇಗೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಒಂದೆರಡು ವಾರಗಳಲ್ಲಿ ಚರ್ಚ್ ಕಚೇರಿಗೆ ಬರುವ ಹೆತ್ತವರ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: "ಫಾದರ್, ಇವನಿಗೆ ಮಾರ್ಕ್ ಕಡಿಮೆ ಬಂದಿದೆ. ಇನ್ನು ಏನು ಮಾಡಿಸುವುದು?" ಆಗ ಯಾರೋ ಒಬ್ಬರು ಐ.ಟಿ.ಐ. ಎನ್ನುತ್ತಾರೆ, ಇನ್ನೊಬ್ಬರು ಪರಿಚಯದ ಗ್ಯಾರೇಜಿಗೆ ಸೇರಿಸಿ ಎನ್ನುತ್ತಾರೆ. ಹುಡುಗನನ್ನು ಕೇಳುವವರು ಕಡಿಮೆ. ಎರಡು ವರ್ಷ ಕಳೆದ ಮೇಲೆ ಇಷ್ಟವಿಲ್ಲದ ಕಸುಬನ್ನು ಅರ್ಧದಲ್ಲೇ ಬಿಟ್ಟು ಮನೆಯಲ್ಲಿ ಕುಳಿತ ಯುವಕರು, ಕೆಲಸಕ್ಕೆ ಬಾರದ ಪ್ರಮಾಣಪತ್ರ ಹಿಡಿದು ಅಲೆಯುವ ಯುವಕರು ನಮ್ಮ ವಾಳೆಗಳಲ್ಲೇ ಕಾಣಸಿಗುತ್ತಾರೆ. ಹದಿನಾರರ ಪ್ರಾಯದಲ್ಲಿ ಕಳೆದುಹೋದ ಎರಡು ವರ್ಷ ಬಡ ಕುಟುಂಬಕ್ಕೆ ಸಣ್ಣ ನಷ್ಟವಲ್ಲ.

ಕಸುಬನ್ನು ಫಲಿತಾಂಶದ ನಂತರ ಗಡಿಬಿಡಿಯಲ್ಲಿ ಹುಡುಕಬಾರದು. ಒಂಬತ್ತನೇ ತರಗತಿಯಿಂದಲೇ ನೋಡಿ, ಕೈಯಾಡಿಸಿ, ವಿಚಾರಿಸಿ ಆರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಹೆತ್ತವರಿಗೆ, ಶಿಕ್ಷಕರಿಗೆ, ಗುರಿಕಾರರಿಗೆ ಮತ್ತು ಯುವಜನರ ನಡುವೆ ಕೆಲಸ ಮಾಡುವವರಿಗೆ ನೆರವಾಗಲೆಂದು ಮುಖ್ಯ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಕಸುಬು ಸೋತವರ ಪಾಲಲ್ಲ

ನಮ್ಮ ಕರಾವಳಿಗೆ ಹೆಸರು ತಂದದ್ದು ಕೈಕೆಲಸ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ದೇಶವಿದೇಶಗಳಿಗೆ ಹೋಯಿತು. ಅದರ ಹಿಂದೆ ಜೇಡಿಮಣ್ಣು ಹದಮಾಡುವ, ಅಚ್ಚು ಒತ್ತುವ, ಆವಿಗೆಯ ಬೆಂಕಿ ನೋಡಿಕೊಳ್ಳುವ ಕೆಲಸಗಾರರಿದ್ದರು. ಜೆಪ್ಪುವಿನ ಸಂತ ಜೋಸೆಫರ ಆಶ್ರಮದ ಕಾರ್ಯಾಗಾರಗಳಲ್ಲಿ ಕಲಿತವರ ಕೈಯಿಂದ ಚರ್ಚುಗಳ ಪೀಠಗಳೂ ಪ್ರತಿಮೆಗಳೂ ಮೂಡಿ ಬಂದಿವೆ.

ಆದರೂ ಇಂದು "ಓದು ತಲೆಗೆ ಹತ್ತದಿದ್ದರೆ ಐ.ಟಿ.ಐ." ಎಂಬ ಮಾತು ಮನೆಮನೆಯಲ್ಲಿದೆ. ಈ ಮಾತಿನಿಂದ ಎರಡು ಕೇಡು. ಕೈಕೆಲಸದಲ್ಲಿ ನಿಜವಾದ ಆಸಕ್ತಿಯಿರುವ, ಒಳ್ಳೆಯ ಅಂಕ ಪಡೆದ ಮಗುವನ್ನು ನಾವು ತಡೆಯುತ್ತೇವೆ. ಕಡಿಮೆ ಅಂಕ ಪಡೆದ ಮಗುವನ್ನು ಶಿಕ್ಷೆ ಕೊಟ್ಟ ಹಾಗೆ ಕಸುಬಿಗೆ ತಳ್ಳುತ್ತೇವೆ. ಎಲೆಕ್ಟ್ರಿಷಿಯನ್‌ಗೆ ಓಮ್‌ನ ನಿಯಮ ಗೊತ್ತಿರಬೇಕು, ಟರ್ನರ್‌ಗೆ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ ಬರಬೇಕು, ಫಿಟ್ಟರ್ ನಕ್ಷೆ ಓದಬೇಕು. ಗಣಿತವನ್ನು ತಪ್ಪಿಸಿಕೊಳ್ಳಲು ಕಸುಬಿಗೆ ಹೋದವನಿಗೆ ಅಲ್ಲಿಯೂ ಗಣಿತ ಎದುರಾಗುತ್ತದೆ.

ಮೊದಲು ಮಗುವನ್ನು ನೋಡಿ

ಯಾವ ಕಸುಬಿಗೆ ಸಂಬಳ ಹೆಚ್ಚು ಎಂದು ಕೇಳುವ ಮೊದಲು ಮಗುವನ್ನು ಕೆಲವು ತಿಂಗಳು ಗಮನಿಸಿ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಬಿಚ್ಚಿ ನೋಡುವ ಹಂಬಲವಿದೆಯೇ? ಬಿಚ್ಚಿದ್ದನ್ನು ಮತ್ತೆ ಜೋಡಿಸುವ ತಾಳ್ಮೆ ಇದೆಯೇ? ಒಂದೇ ಕಡೆ ನಿಂತು ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡಬಲ್ಲನೇ, ಅಥವಾ ದಿನಕ್ಕೊಂದು ಹೊಸ ಜಾಗ, ಹೊಸ ಜನ ಬೇಕೇ? ಮೊದಲನೆಯವನಿಗೆ ಲೇತ್, ಮೆಷಿನಿಂಗ್ ಕೆಲಸ ಹಿಡಿಸಬಹುದು. ಎರಡನೆಯವನಿಗೆ ಮನೆಮನೆಗೆ ಹೋಗುವ ವೈರಿಂಗ್, ಪ್ಲಂಬಿಂಗ್, ಎ.ಸಿ. ರಿಪೇರಿ ಹೊಂದಬಹುದು.

ದೇಹಸ್ಥಿತಿಯನ್ನೂ ನೋಡಬೇಕು. ಎತ್ತರ ಏರಲು ಹೆದರುವವನಿಗೆ ಕಂಬದ ಮೇಲಿನ ಕೆಲಸ ಕಷ್ಟ. ಆಸ್ತಮಾ ಇರುವವರು ವೆಲ್ಡಿಂಗ್ ಹೊಗೆ, ಪೈಂಟ್ ಸ್ಪ್ರೇ, ಮರದ ಹುಡಿಯ ಕೆಲಸಕ್ಕೆ ಸೇರುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಬಣ್ಣಗಳ ವ್ಯತ್ಯಾಸ ಗುರುತಿಸಲಾಗದ ಬಣ್ಣಗುರುಡುತನ ಅನೇಕ ಗಂಡುಮಕ್ಕಳಲ್ಲಿ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ವಯರುಗಳ ಬಣ್ಣ ನೋಡಿ ಕೆಲಸ ಮಾಡಬೇಕಾದ ಎಲೆಕ್ಟ್ರಿಕಲ್, ಇಲೆಕ್ಟ್ರಾನಿಕ್ಸ್ ಕಸುಬುಗಳಲ್ಲಿ ಇದು ದೊಡ್ಡ ತೊಡಕು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎಸ್.ಎಸ್.ಎಲ್.ಸಿ. ಜೊತೆ ಐ.ಟಿ.ಐ. ಆದವರು ಅರ್ಜಿ ಹಾಕಬಹುದು. ಆದರೆ ಕಣ್ಣಿನ ಪರೀಕ್ಷೆ ಬಹಳ ಕಟ್ಟುನಿಟ್ಟು. ಕಣ್ಣಿನ ಡಾಕ್ಟರ ಬಳಿ ಕೆಲವೇ ನಿಮಿಷದ ತಪಾಸಣೆಯಿಂದ ಇದು ತಿಳಿಯುತ್ತದೆ. ಎರಡು ವರ್ಷ ಕಲಿತ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಇದಾದ ಮೇಲೆ ಮಗುವಿಗೆ ಎರಡು ಮೂರು ಕಸುಬುಗಳನ್ನು ಹತ್ತಿರದಿಂದ ತೋರಿಸಿ. ಒಂಬತ್ತನೇ ತರಗತಿಯ ರಜೆಯಲ್ಲಿ ಪರಿಚಯದ ಎಲೆಕ್ಟ್ರಿಷಿಯನ್, ಮೆಕ್ಯಾನಿಕ್, ಆಚಾರಿ ಇವರೊಂದಿಗೆ ಒಂದೆರಡು ದಿನ ಇದ್ದು ನೋಡಲಿ. ದುಡಿಮೆ ಬೇಡ, ನೋಡಿ ಮಾತಾಡಿ ಬಂದರೆ ಸಾಕು. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ, ಮಳೆಗಾಲದಲ್ಲಿ ಕೆಲಸ ಇರುತ್ತದೆಯೇ, ಗಿರಾಕಿ ದುಡ್ಡು ಕೊಡದಿದ್ದರೆ ಏನು ಮಾಡುತ್ತೀರಿ, ಮೈಗೆ ಯಾವ ನೋವು ಬರುತ್ತದೆ ಎಂದು ಮಗುವೇ ಕೇಳಲಿ. ಕಸುಬಿನವರು ನೇರವಾಗಿ ಹೇಳುತ್ತಾರೆ.

ಕರಾವಳಿಯಲ್ಲಿ ಬೇಡಿಕೆಯಿರುವ ಕೆಲವು ಕಸುಬುಗಳು

ಎಲೆಕ್ಟ್ರಿಷಿಯನ್: ಐ.ಟಿ.ಐ.ಯಲ್ಲಿ ಎರಡು ವರ್ಷ, ಹತ್ತನೇ ತರಗತಿ ಪಾಸಾಗಿರಬೇಕು. ಮನೆ ವೈರಿಂಗ್‌ನಿಂದ ಕಾರ್ಖಾನೆಯ ಮೋಟಾರ್ ಪ್ಯಾನೆಲ್ ತನಕ ಕೆಲಸವಿದೆ. ನೆನಪಿಡಬೇಕಾದ ವಿಷಯವೆಂದರೆ, ಸ್ವಂತವಾಗಿ ಗುತ್ತಿಗೆ ಹಿಡಿಯಲು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ದೊರೆಯುವ ಲೈಸನ್ಸ್ ಬೇಕು. ವೈರ್‌ಮನ್, ಸೂಪರ್‌ವೈಸರ್, ಕಂಟ್ರಾಕ್ಟರ್ ಎಂದು ಹಂತಗಳಿವೆ. ಕಲಿಯುವಾಗಲೇ ಈ ಮೆಟ್ಟಿಲುಗಳನ್ನು ತಿಳಿದಿದ್ದರೆ ಮುಂದೆ ಇನ್ನೊಬ್ಬರ ಲೈಸನ್ಸಿನ ನೆರಳಲ್ಲಿ ದುಡಿಯಬೇಕಾಗುವುದಿಲ್ಲ.

ಫ್ರಿಜ್ ಮತ್ತು ಎ.ಸಿ. ಮೆಕ್ಯಾನಿಕ್: ಎರಡು ವರ್ಷದ ಕೋರ್ಸ್. ಉಪ್ಪುಗಾಳಿ ಎ.ಸಿ. ಹೊರಘಟಕದ ಕೊಳವೆ, ರೆಕ್ಕೆಗಳನ್ನು ಬೇಗ ತಿನ್ನುವುದರಿಂದ ಕಡಲ ಹತ್ತಿರದ ಊರುಗಳಲ್ಲಿ ರಿಪೇರಿ ನಿಲ್ಲುವುದಿಲ್ಲ. ಮಂಗಳೂರು ದಕ್ಕೆ, ಮಲ್ಪೆ, ಗಂಗೊಳ್ಳಿಯಂಥ ಮೀನುಗಾರಿಕಾ ಬಂದರುಗಳ ಐಸ್ ಪ್ಲಾಂಟ್, ಶೀತಲಗೃಹಗಳಿಗೂ ಇದೇ ಕಸುಬಿನವರು ಬೇಕು.

ಡೀಸೆಲ್ ಮೆಕ್ಯಾನಿಕ್ ಮತ್ತು ಮೋಟಾರು ವಾಹನ ಮೆಕ್ಯಾನಿಕ್: ಮೊದಲನೆಯದು ಒಂದು ವರ್ಷ, ಎರಡನೆಯದು ಎರಡು ವರ್ಷ. ಡೀಸೆಲ್ ಕಲಿತವನಿಗೆ ಲಾರಿ, ಬಸ್ಸು ಮಾತ್ರವಲ್ಲ, ಮೀನುಗಾರಿಕಾ ಬೋಟುಗಳ ಇಂಜಿನ್, ಜನರೇಟರ್‌ಗಳೂ ಇವೆ. ಮಳೆಗಾಲದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದಾಗ ರಿಪೇರಿ ಕೆಲಸ ಒಟ್ಟಿಗೇ ಬರುತ್ತದೆ. ವಿದ್ಯುತ್ ವಾಹನಗಳು ಹೆಚ್ಚುತ್ತಿರುವುದರಿಂದ ಈಗ ಸೇರುವವರು ಬ್ಯಾಟರಿ, ಮೋಟಾರ್, ಕಂಟ್ರೋಲರ್‌ಗಳ ವಿಷಯವನ್ನೂ ಕಲಿಯಲೇಬೇಕು. ಇದಕ್ಕಾಗಿಯೇ ಬೇರೆ ಕೋರ್ಸ್ ಕೂಡ ಇದೆ.

ವೆಲ್ಡರ್: ಒಂದು ವರ್ಷ, ಎಂಟನೇ ತರಗತಿ ಪಾಸಾದವರಿಗೂ ಪ್ರವೇಶವಿದೆ. ಗೇಟು ಗ್ರಿಲ್ ಬೆಸೆಯುವವನಿಗೂ ಹಡಗುಕಟ್ಟೆ, ತೈಲ ಶುದ್ಧೀಕರಣ ಘಟಕದ ಪೈಪ್ ಬೆಸೆಯುವವನಿಗೂ ಗಳಿಕೆಯಲ್ಲಿ ಬಹಳ ಅಂತರವಿದೆ. ಆ ಅಂತರವನ್ನು ದಾಟಿಸುವುದು 3ಜಿ, 4ಜಿ, 6ಜಿ ಎಂದು ಕರೆಯುವ ಪರೀಕ್ಷೆಗಳು. ಅಂದರೆ ನೇರ ನಿಂತ, ತಲೆಯ ಮೇಲಿನ, ಓರೆಯಾಗಿ ಬಿಗಿದ ಪೈಪಿನ ಬೆಸುಗೆ. ಮುಖಕವಚವಿಲ್ಲದೆ ಒಂದು ದಿನವೂ ಕೆಲಸ ಮಾಡದಿರುವ ಅಭ್ಯಾಸವನ್ನು ಮೊದಲ ವಾರದಲ್ಲೇ ಕಲಿಸಬೇಕು.

ಫಿಟ್ಟರ್, ಟರ್ನರ್, ಮೆಷಿನಿಸ್ಟ್: ಮೂರೂ ಎರಡು ವರ್ಷ. ಕಾರ್ಖಾನೆಗಳ ನೇಮಕಾತಿ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳಿವು. ಸಿ.ಎನ್.ಸಿ. ಯಂತ್ರ ನಡೆಸಲು ಕಲಿತವರಿಗೆ ಬೆಲೆ ಹೆಚ್ಚು. ಆದರೆ ಈ ಕೆಲಸಕ್ಕೆ ಹೆಚ್ಚಾಗಿ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಕ್ಕೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಮಗುವನ್ನು ಊರಲ್ಲೇ ಇಟ್ಟುಕೊಳ್ಳಬೇಕೆಂದಿರುವ ಹೆತ್ತವರು ಇದನ್ನು ಯೋಚಿಸಬೇಕು.

ಪ್ಲಂಬಿಂಗ್, ಮರಗೆಲಸ, ಟೈಲ್ಸ್, ಪೈಂಟಿಂಗ್: ಮನೆ ಕಟ್ಟಿದ ಯಾರನ್ನೇ ಕೇಳಿ, ಒಳ್ಳೆಯ ಪ್ಲಂಬರ್ ಸಿಗುವುದಿಲ್ಲ ಎನ್ನುತ್ತಾರೆ. ನಮ್ಮ ಊರುಗಳ ಕಟ್ಟಡ ಕೆಲಸವನ್ನು ಇಂದು ಬಹುಪಾಲು ಹೊರರಾಜ್ಯಗಳಿಂದ ಬಂದ ಶ್ರಮಿಕರು ನಡೆಸುತ್ತಿದ್ದಾರೆ. ಅವರ ದುಡಿಮೆಯನ್ನು ಗೌರವಿಸೋಣ. ಜೊತೆಗೆ, ಹೇಳಿದ ಸಮಯಕ್ಕೆ ಬಂದು, ಸರಿಯಾದ ಬಿಲ್ ಕೊಟ್ಟು, ತೊಂದರೆಯಾದರೆ ಮತ್ತೆ ಬಂದು ನೋಡುವ ಊರಿನ ಹುಡುಗನಿಗೆ ಕೆಲಸದ ಕೊರತೆ ಬಾರದು ಎಂಬುದನ್ನೂ ನಮ್ಮ ಮಕ್ಕಳಿಗೆ ತಿಳಿಸೋಣ.

ಕಲಿಯುವ ದಾರಿಗಳು

1. ಐ.ಟಿ.ಐ.: ಕುಶಲಕರ್ಮಿ ತರಬೇತಿ ಯೋಜನೆ ದೇಶದಲ್ಲಿ 1950ರಿಂದ ನಡೆದು ಬಂದಿದೆ. ಪ್ರವೇಶಕ್ಕೆ 14 ವರ್ಷ ತುಂಬಿರಬೇಕು. ಹೆಚ್ಚಿನ ಕಸುಬುಗಳಿಗೆ ಹತ್ತನೇ ತರಗತಿ ಬೇಕು. ವೆಲ್ಡರ್, ವೈರ್‌ಮನ್, ಬಡಗಿ ಕೆಲಸ, ಹೊಲಿಗೆಯಂಥ ಕೆಲವಕ್ಕೆ ಎಂಟನೇ ತರಗತಿ ಸಾಕು. ವರ್ಷಕ್ಕೆ 1,200 ಗಂಟೆಗಳ ಪಾಠದಲ್ಲಿ 840 ಗಂಟೆ ಕಾರ್ಯಾಗಾರದ ಅಭ್ಯಾಸಕ್ಕೆ ಮೀಸಲು. ಮಂಗಳೂರಿನ ಕದ್ರಿಯಲ್ಲಿ ಸರಕಾರಿ ಐ.ಟಿ.ಐ. ಇದೆ, ಮಹಿಳೆಯರಿಗೆ ಬೇರೆಯೇ ಸರಕಾರಿ ಐ.ಟಿ.ಐ. ಕೂಡ ಇದೆ. ಇತರ ತಾಲೂಕುಗಳಲ್ಲೂ ಸರಕಾರಿ, ಅನುದಾನಿತ, ಖಾಸಗಿ ಐ.ಟಿ.ಐ.ಗಳಿವೆ, ಕ್ರೈಸ್ತ ಸಂಸ್ಥೆಗಳು ನಡೆಸುವಂಥವೂ ಇವೆ. ರಾಜ್ಯ ಸರಕಾರವು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದ ಉದ್ಯೋಗ ಯೋಜನೆಯಡಿ 150 ಸರಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದೆ. ಸರಕಾರಿ ಐ.ಟಿ.ಐ. ಎಂದರೆ ಹಳೆಯ ಶೆಡ್ ಎಂಬ ಭಾವನೆ ಇರುವವರು ಒಮ್ಮೆ ಹೋಗಿ ನೋಡಬೇಕು.

2. ಜಿ.ಟಿ.ಟಿ.ಸಿ.: ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಯಿತು. ಮಂಗಳೂರಿನ ಬೈಕಂಪಾಡಿಯಲ್ಲೂ ಕೇಂದ್ರವಿದೆ. ಎಸ್.ಎಸ್.ಎಲ್.ಸಿ. ನಂತರದ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯ ತರಬೇತಿ. ಗಣಿತದಲ್ಲಿ ಚುರುಕಾಗಿದ್ದು ಯಂತ್ರವನ್ನೂ ಪ್ರೀತಿಸುವ ಮಗುವಿಗೆ ಇದು ಒಳ್ಳೆಯ ದಾರಿ. ಅನೇಕ ಹೆತ್ತವರಿಗೆ ಇದರ ಹೆಸರೇ ಗೊತ್ತಿಲ್ಲ.

3. ಪಾಲಿಟೆಕ್ನಿಕ್: ಎಸ್.ಎಸ್.ಎಲ್.ಸಿ. ನಂತರ ಮೂರು ವರ್ಷದ ಡಿಪ್ಲೊಮಾ. ಮಂಗಳೂರಿನ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ಇದೆ. ಇಲ್ಲಿ ಪುಸ್ತಕದ ಓದು ಹೆಚ್ಚು, ಕೈಕೆಲಸ ಕಡಿಮೆ. ಮೇಲ್ವಿಚಾರಕರ ಹುದ್ದೆಗೆ, ಮುಂದೆ ಇಂಜಿನಿಯರಿಂಗ್‌ಗೆ ಇದು ಹಾದಿ.

4. ಕಿರು ಅವಧಿಯ ತರಬೇತಿ: ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಹಾಗೂ ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಕೇಂದ್ರಗಳು ದ್ವಿಚಕ್ರ ವಾಹನ ರಿಪೇರಿ, ವೈರಿಂಗ್, ಎ.ಸಿ. ರಿಪೇರಿ ಮೊದಲಾದವನ್ನು ಕೆಲವು ವಾರಗಳಲ್ಲಿ ಊಟ ವಸತಿ ಸಹಿತ ಉಚಿತವಾಗಿ ಕಲಿಸುತ್ತವೆ. ಇವು 18 ವರ್ಷ ತುಂಬಿದವರಿಗೆ, ಸ್ವಂತ ಉದ್ಯೋಗ ಮಾಡುವ ಮನಸ್ಸಿರುವವರಿಗೆ. ಹದಿನಾರರ ಹುಡುಗನಿಗೆ ಇವು ಐ.ಟಿ.ಐ.ಗೆ ಬದಲಿಯಲ್ಲ.

ಸಂಸ್ಥೆಯನ್ನು ಪರೀಕ್ಷಿಸಿ

ಹೆಚ್ಚು ಮೋಸ ಹೋಗುವುದು ಇಲ್ಲಿ. ಬಣ್ಣದ ಕರಪತ್ರದಲ್ಲಿ "ಸರಕಾರಿ ಮಾನ್ಯತೆ ಪಡೆದ", "ನೂರಕ್ಕೆ ನೂರು ಉದ್ಯೋಗ" ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ಹಣ ಕಟ್ಟುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ.

- ನಿಮ್ಮ ಮಗು ಸೇರುವ ಕಸುಬಿಗೆ ರಾಷ್ಟ್ರಮಟ್ಟದ ಮಾನ್ಯತೆ ಇದೆಯೇ? ಮಾನ್ಯತೆಯನ್ನು ಕಸುಬುವಾರು, ಘಟಕವಾರು ಕೊಡಲಾಗುತ್ತದೆ. ಸಂಸ್ಥೆಯ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಮಾನ್ಯತೆ ಇದ್ದು ಬೇರೊಂದು ವಿಭಾಗಕ್ಕೆ ಇಲ್ಲದಿರಬಹುದು. ಕೇಂದ್ರ ತರಬೇತಿ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಇದನ್ನು ನೋಡಬಹುದು. ಜಿಲ್ಲೆಯ ಸರಕಾರಿ ಐ.ಟಿ.ಐ. ಪ್ರಾಂಶುಪಾಲರನ್ನು ಕೇಳಿದರೂ ತಿಳಿಯುತ್ತದೆ.
- ಕೊನೆಗೆ ಕೈಗೆ ಸಿಗುವುದು ಯಾವ ಪ್ರಮಾಣಪತ್ರ? ಅಖಿಲ ಭಾರತ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಕಸುಬು ಪ್ರಮಾಣಪತ್ರ, ಅಂದರೆ ಎನ್.ಟಿ.ಸಿ. ದೊರೆಯುತ್ತದೆ. ರೈಲ್ವೆ, ಸಾರ್ವಜನಿಕ ಉದ್ಯಮಗಳು ಕೇಳುವುದು ಇದನ್ನೇ. ಸಂಸ್ಥೆ ತಾನೇ ಮುದ್ರಿಸಿ ಕೊಡುವ ಡಿಪ್ಲೊಮಾಕ್ಕೆ ಅಲ್ಲಿ ಬೆಲೆಯಿಲ್ಲ.
- ಕಾರ್ಯಾಗಾರ ನಡೆಯುತ್ತಿದೆಯೇ? ಒಂದು ಸಾಮಾನ್ಯ ದಿನ, ಹೇಳದೆ ಹೋಗಿ ನೋಡಿ. ಯಂತ್ರಗಳ ಮೇಲೆ ಎಣ್ಣೆಯ ಕಲೆ, ನೆಲದಲ್ಲಿ ಕಬ್ಬಿಣದ ಚೂರು ಕಂಡರೆ ಒಳ್ಳೆಯ ಲಕ್ಷಣ. ಯಂತ್ರದ ಮೇಲೆ ಬಟ್ಟೆ ಹೊದಿಸಿ ಧೂಳು ಹಿಡಿದಿದ್ದರೆ ಆ 840 ಗಂಟೆ ಕಾಗದದಲ್ಲಷ್ಟೇ ಇದೆ ಎಂದು ತಿಳಿಯಿರಿ.
- ಬೋಧಕರಿದ್ದಾರೆಯೇ? ಒಂದು ಘಟಕದಲ್ಲಿ ಹೆಚ್ಚಾಗಿ 20 ಅಥವಾ 24 ಮಕ್ಕಳಿರುತ್ತಾರೆ. ಅವರಿಗೆ ಕಾಯಂ ಬೋಧಕ ಇದ್ದಾರೋ ಹುದ್ದೆ ಖಾಲಿಯಿದೆಯೋ ಕೇಳಿ.
- ಕಳೆದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಇಬ್ಬರು ಮೂವರ ಫೋನ್ ನಂಬರ್ ಕೇಳಿ ಮಾತಾಡಿ. ಕೊಡಲು ಹಿಂಜರಿದರೆ ಅದೂ ಒಂದು ಉತ್ತರ.

ಹಾಜರಿಯ ವಿಷಯದಲ್ಲೂ ಎಚ್ಚರ ಬೇಕು. ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಇರಬೇಕು. "ಬರದಿದ್ದರೂ ಪರವಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎನ್ನುವ ಸಂಸ್ಥೆಯಿಂದ ದೂರವಿರಿ. ಅಲ್ಲಿ ಮಗು ಏನನ್ನೂ ಕಲಿಯುವುದಿಲ್ಲ.

ಅರ್ಜಿ ಮತ್ತು ದಾಖಲೆಗಳು

ಸರಕಾರಿ ಹಾಗೂ ಅನುದಾನಿತ ಐ.ಟಿ.ಐ. ಸೀಟುಗಳ ಅರ್ಜಿಯನ್ನು ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಆನ್‌ಲೈನ್‌ನಲ್ಲಿ ಕರೆಯುತ್ತದೆ. ಪ್ರವೇಶ ಪರೀಕ್ಷೆಯಿಲ್ಲ, ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ ಸೀಟು ಹಂಚಿಕೆಯಾಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಬೆನ್ನಿಗೇ ಇದು ನಡೆಯುವುದರಿಂದ ಪತ್ರಿಕೆ, ಜಾಲತಾಣ ನೋಡುತ್ತಿರಬೇಕು. ಎಲೆಕ್ಟ್ರಿಷಿಯನ್‌ನಂಥ ಬೇಡಿಕೆಯ ಕಸುಬಿನ ಸೀಟು ಬೇಗ ತುಂಬುತ್ತದೆ. ಅರ್ಜಿಯಲ್ಲಿ ಒಂದೇ ಕಸುಬು ಬರೆಯದೆ, ಮಗುವಿಗೆ ಒಪ್ಪಿಗೆಯಾದ ಎರಡು ಮೂರನ್ನು ಕ್ರಮವಾಗಿ ಕೊಡಿ. ಮಗು ಬೇಡವೆನ್ನುವ ಕಸುಬನ್ನು "ಇರಲಿ" ಎಂದು ಸೇರಿಸಬೇಡಿ, ಅದೇ ಸಿಕ್ಕಿಬಿಡುವುದುಂಟು.

ಬೇಕಾಗುವ ದಾಖಲೆಗಳು: ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಭಾವಚಿತ್ರಗಳು, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅನ್ವಯಿಸಿದರೆ ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಪ್ರಮಾಣಪತ್ರ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿ ಅಡಿ ಬರುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ದೊರೆಯುತ್ತವೆ. ಮೇ ತಿಂಗಳಲ್ಲಿ ಅಲ್ಲಿ ನೂಕುನುಗ್ಗಲು, ಆದ್ದರಿಂದ ಜನವರಿಯಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಎಲ್ಲ ದಾಖಲೆಗಳಲ್ಲಿ ಮಗುವಿನ ಹೆಸರು, ಇನಿಶಿಯಲ್, ಜನ್ಮದಿನಾಂಕ ಒಂದೇ ರೀತಿ ಇದೆಯೇ ನೋಡಿ. ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು ಎಂಬ ಸ್ಥಿತಿ ನಮ್ಮಲ್ಲಿ ಬಹಳ ಸಾಮಾನ್ಯ. ಪಾಸ್‌ಪೋರ್ಟ್ ಮಾಡುವಾಗಲೂ ಇದು ಕಾಡುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ ಹಾಕಬೇಕು.

ಅಪ್ರೆಂಟಿಸ್ ತರಬೇತಿ

ಐ.ಟಿ.ಐ. ಮುಗಿದ ಕೂಡಲೇ ಸಿಕ್ಕಿದ ಕೆಲಸಕ್ಕೆ ಓಡುವ ಬದಲು ದೊಡ್ಡ ಉದ್ಯಮವೊಂದರಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿಯುವುದು ಲಾಭದಾಯಕ. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಸಂಸ್ಥೆಗಳೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ತಿಂಗಳ ಕನಿಷ್ಠ ಸ್ಟೈಪೆಂಡ್ ನಿಯಮದಲ್ಲಿ ನಿಗದಿಯಾಗಿರುತ್ತದೆ. 2019ರ ತಿದ್ದುಪಡಿಯಲ್ಲಿ ಅದನ್ನು ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು.

ಎಂ.ಆರ್.ಪಿ.ಎಲ್., ಕೈಗಾ ಅಣುವಿದ್ಯುತ್ ಸ್ಥಾವರ, ಕಾರವಾರದ ನೌಕಾ ಹಡಗು ದುರಸ್ತಿ ಕೇಂದ್ರ, ಕೊಚ್ಚಿಯ ಹಡಗುಕಟ್ಟೆ, ರೈಲ್ವೆ, ಕೆ.ಎಸ್.ಆರ್.ಟಿ.ಸಿ. ಮೊದಲಾದ ಕಡೆ ಐ.ಟಿ.ಐ. ಆದವರಿಂದ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಕರೆಯುವುದುಂಟು. ಕೇಂದ್ರ ಸರಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಒಪ್ಪಂದವೂ ಅಲ್ಲೇ ದಾಖಲಾಗಬೇಕು. ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರು ಸಹಿ ಮಾಡುತ್ತಾರೆ. ಕೊನೆಯ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಸಿಗುತ್ತದೆ. ತರಬೇತಿ ಕೊಟ್ಟ ಸಂಸ್ಥೆ ಕಾಯಂ ಕೆಲಸ ಕೊಡಲೇಬೇಕೆಂದಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿ.

ಗ್ಯಾರೇಜು, ವರ್ಕ್‌ಶಾಪಿಗೆ ಸೇರಿಸುವಾಗ

ಕೆಲವು ಮಕ್ಕಳಿಗೆ ತರಗತಿಯೇ ಒಗ್ಗುವುದಿಲ್ಲ. ಅವರನ್ನು ನೇರವಾಗಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಬಿಡುವ ಪದ್ಧತಿ ಹಳೆಯದು, ಕೆಟ್ಟದ್ದೇನೂ ಅಲ್ಲ. ಆದರೆ ಕಾನೂನು ತಿಳಿದಿರಲಿ. 14 ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ. 14ರಿಂದ 18ರ ವರೆಗಿನವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವಂತಿಲ್ಲ. 2016ರ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ.

ಇಲ್ಲಿ ಸಂತ ಡಾನ್ ಬೋಸ್ಕೊ ನೆನಪಾಗುತ್ತಾರೆ. 1852ರ ಫೆಬ್ರವರಿ 8ರಂದು ಟ್ಯೂರಿನ್ ನಗರದಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕಲಿಯಲು ಬಿಡುವಾಗ ಅವರು ಲಿಖಿತ ಒಪ್ಪಂದ ಮಾಡಿಸಿದರು. ಆ ಕಾಗದ ಇಂದಿಗೂ ಉಳಿದಿದೆ. ಹುಡುಗನನ್ನು ಮಾತಿನಿಂದ ಮಾತ್ರ ತಿದ್ದಬೇಕು, ಕಸುಬಿಗೆ ಸಂಬಂಧವಿಲ್ಲದ ಕೆಲಸ ಮಾಡಿಸಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು, ವಾರದ ಕೂಲಿಯನ್ನು ಹಂತಹಂತವಾಗಿ ಏರಿಸಬೇಕು ಎಂಬ ಷರತ್ತುಗಳು ಅದರಲ್ಲಿವೆ.

ಇಂದು ನಾವು ಕೇಳಬೇಕಾದದ್ದೂ ಇವನ್ನೇ. ಆರು ತಿಂಗಳಲ್ಲಿ ಏನು ಕಲಿಸುತ್ತೀರಿ, ಒಂದು ವರ್ಷದಲ್ಲಿ ಏನು? ಚಹಾ ತರುವುದು, ಗುಡಿಸುವುದು ಎಷ್ಟು ದಿನ? ಕೈಖರ್ಚಿಗೆ ಎಷ್ಟು, ಯಾವಾಗ ಏರಿಸುತ್ತೀರಿ? ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಭಾನುವಾರ ರಜೆ ಇದೆಯೇ? ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಒಳ್ಳೆಯ ಮೇಸ್ತ್ರಿ ಬೇಸರಿಸುವುದಿಲ್ಲ. ಜೊತೆಗೆ ಎಸ್.ಎಸ್.ಎಲ್.ಸಿ. ಆಗದ ಮಗು ರಾಷ್ಟ್ರೀಯ ಮುಕ್ತ ಶಾಲೆ ಅಥವಾ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆದು ಮುಗಿಸುವಂತೆ ನೋಡಿಕೊಳ್ಳಿ.

ವಿದೇಶದ ಆಸೆ

ನಮ್ಮಲ್ಲಿ ಕಸುಬು ಎಂದೊಡನೆ ಗಲ್ಫ್ ನೆನಪಾಗುತ್ತದೆ. ಎರಡು ವಿಷಯ ಗಮನದಲ್ಲಿರಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದಾಗಿರುತ್ತದೆ. ಗಲ್ಫ್ ರಾಷ್ಟ್ರಗಳು ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಸರಕಾರದ ವಲಸೆ ಅನುಮತಿ ಬೇಕು. ಹತ್ತನೇ ತರಗತಿಯನ್ನು ಮುಗಿಸಿಕೊಳ್ಳಬೇಕೆಂದು ನಾವು ಒತ್ತಿ ಹೇಳಲು ಇದೂ ಒಂದು ಕಾರಣ. ಎರಡನೆಯದಾಗಿ, ಸೌದಿ ಅರೇಬಿಯಾ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎ.ಸಿ. ಮೆಕ್ಯಾನಿಕ್ ಮೊದಲಾದವರಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸಲು ತೊಡಗಿದೆ. ಹೆಸರಿಗೆ ಮಾತ್ರ ಕಲಿತವರು ಅಲ್ಲೇ ಸಿಕ್ಕಿಬೀಳುತ್ತಾರೆ. ಏಜೆಂಟರು ನೋಂದಾಯಿತರೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನಿಯಮದಂತೆ ಅವರು ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ತೆರಿಗೆ. ಲಕ್ಷಗಟ್ಟಲೆ ಕೇಳಿದರೆ ಮನೆಯ ಚಿನ್ನ ಅಡವಿಡುವ ಮೊದಲು ಎರಡು ಸಲ ಯೋಚಿಸಿ.

ಹೆಣ್ಣುಮಕ್ಕಳು

ಹೆಣ್ಣುಮಕ್ಕಳಿಗೆ ಹೊಲಿಗೆ, ಬ್ಯೂಟಿ ಪಾರ್ಲರ್ ಎರಡೇ ಕಸುಬು ಎಂಬ ಗ್ರಹಿಕೆ ಹೋಗಬೇಕು. ಐ.ಟಿ.ಐ.ಗಳ ಎಲ್ಲ ಕಸುಬುಗಳೂ ಅವರಿಗೆ ತೆರೆದಿವೆ, ಮೀಸಲು ಸೀಟುಗಳೂ ಇವೆ. ಇಲೆಕ್ಟ್ರಾನಿಕ್ಸ್, ಸಿವಿಲ್ ಡ್ರಾಫ್ಟ್ಸ್‌ಮನ್, ಕಂಪ್ಯೂಟರ್ ಕೋರ್ಸುಗಳಲ್ಲಿ ಈಗಲೇ ಅನೇಕರಿದ್ದಾರೆ, ಸಿ.ಎನ್.ಸಿ. ಯಂತ್ರ ನಡೆಸಲು ತೋಳ್ಬಲಕ್ಕಿಂತ ಗಮನ ಮುಖ್ಯ. ಹೆತ್ತವರು ಕೇಳಬೇಕಾದದ್ದು ಬಸ್ಸಿನ ಸಮಯ, ಶೌಚಾಲಯ, ಹಾಸ್ಟೆಲ್, ಕೆಲಸದ ಜಾಗದ ಸುರಕ್ಷತೆಯ ಬಗ್ಗೆ. ಅದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಅಡ್ಡಿ ಬೇಡ.

ಮುಂದಿನ ಓದು ಮುಚ್ಚಿಹೋಗುವುದಿಲ್ಲ

"ಐ.ಟಿ.ಐ. ಸೇರಿದರೆ ಓದು ಮುಗಿಯಿತು" ಎಂಬುದು ತಪ್ಪು. ಎರಡು ವರ್ಷದ ಐ.ಟಿ.ಐ. ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. ಡಿಪ್ಲೊಮಾ ಆದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಈ ಏಣಿ ಉದ್ದವಾದರೂ ಪ್ರತಿ ಮೆಟ್ಟಿಲಲ್ಲೂ ಕೈಯಲ್ಲಿ ದುಡಿಮೆಯ ಶಕ್ತಿ ಇರುತ್ತದೆ.

ಧರ್ಮಕೇಂದ್ರಗಳು ಏನು ಮಾಡಬಹುದು?

ದೊಡ್ಡ ಯೋಜನೆ, ದೊಡ್ಡ ಹಣ ಬೇಕಿಲ್ಲ. ನಮಗೆ ತೋಚಿದ ಕೆಲವು ಸಲಹೆಗಳು ಇಲ್ಲಿವೆ.

- ಪ್ರತಿ ವಾಳೆಯ ಗುರಿಕಾರರು ತಮ್ಮಲ್ಲಿರುವ ಕಸುಬಿನವರ ಪಟ್ಟಿ ಮಾಡಲಿ. ಮಗುವನ್ನು ಒಂದೆರಡು ದಿನ ಜೊತೆಗಿಟ್ಟುಕೊಂಡು ತೋರಿಸಲು ಯಾರು ಸಿದ್ಧರಿದ್ದಾರೆ ಎಂದು ಕೇಳಿಟ್ಟುಕೊಳ್ಳಲಿ.
- ಜನವರಿ ಅಥವಾ ಫೆಬ್ರವರಿಯ ಒಂದು ಭಾನುವಾರ ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನೂ ಹೆತ್ತವರನ್ನೂ ಸೇರಿಸಿ, ಭಾಷಣಕಾರರ ಬದಲು ಒಬ್ಬ ವೆಲ್ಡರ್, ಒಬ್ಬ ಎಲೆಕ್ಟ್ರಿಷಿಯನ್, ಐ.ಟಿ.ಐ. ಕಲಿತ ಒಬ್ಬ ಯುವತಿಯನ್ನು ಮಾತಾಡಿಸಲಿ.
- ಫಲಿತಾಂಶದ ನಂತರದ ಎರಡು ವಾರ ಕಂಪ್ಯೂಟರ್ ತಿಳಿದ ಯುವಜನರು ಚರ್ಚ್ ಕಚೇರಿಯಲ್ಲಿ ಕುಳಿತು ಆನ್‌ಲೈನ್ ಅರ್ಜಿ ತುಂಬಿಕೊಡಲಿ.
- ಬಡ ಮಕ್ಕಳಿಗೆ ನೆರವಾಗುವ ದಾನಿಗಳು ಶುಲ್ಕದ ಜೊತೆ ಮೊದಲ ಟೂಲ್ ಕಿಟ್, ಸುರಕ್ಷತಾ ಬೂಟು ಕೊಡಿಸಲು ಯೋಚಿಸಲಿ. ಸ್ವಂತ ಸ್ಪ್ಯಾನರ್ ಸೆಟ್, ಟೆಸ್ಟರ್, ಡ್ರಿಲ್ ಇದ್ದ ಹುಡುಗ ರಜೆಯಲ್ಲೇ ಸಣ್ಣಪುಟ್ಟ ಕೆಲಸ ಮಾಡಿ ಅನುಭವ ಪಡೆಯುತ್ತಾನೆ.
- ಸೇರಿದ ಮೂರು ತಿಂಗಳಿಗೆ ಒಮ್ಮೆ ಯಾರಾದರೂ ಮಗುವನ್ನು ಮಾತಾಡಿಸಲಿ. ಹೆಚ್ಚಿನವರು ಬಿಟ್ಟುಬಿಡುವುದು ಮೊದಲ ತಿಂಗಳುಗಳಲ್ಲಿ; ಕಾರಣ ಕೆಲವೊಮ್ಮೆ ಬಸ್ಸಿನ ದುಡ್ಡು, ಕೆಲವೊಮ್ಮೆ ಸಹಪಾಠಿಯ ಕೀಟಲೆಯಷ್ಟೇ ಆಗಿರುತ್ತದೆ.
- ಶಾಲೆಯಲ್ಲಿ ಹೆಚ್ಚು ಅಂಕ ತೆಗೆದವರನ್ನು ಸನ್ಮಾನಿಸುವ ದಿನ, ಎನ್.ಟಿ.ಸಿ. ಪಡೆದವರನ್ನೂ ಅದೇ ವೇದಿಕೆಗೆ ಕರೆಯಲಿ.

ಹತ್ತನೇ ತರಗತಿಯ ಮಗು ನಿಮ್ಮ ಮನೆಯಲ್ಲೋ ವಾಳೆಯಲ್ಲೋ ಇದ್ದರೆ ಈ ತಿಂಗಳಲ್ಲೇ ಎರಡು ಕೆಲಸ ಮಾಡಿ. ಮಗುವಿನ ದಾಖಲೆಗಳಲ್ಲಿ ಹೆಸರು ಒಂದೇ ಇದೆಯೇ ನೋಡಿ. ಮತ್ತೆ, "ನಿನಗೆ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ?" ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ.